ಎಚ್ಚರ ನಿಲ್ಲದ ಮಿದುಳು

ಉಡುಪಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ನನಗಿರುವುದು ನಾರ್ಕೊಲೆಪ್ಸಿ ಎಂಬ ಮಿದುಳಿನ ನಿದ್ರಾ ಕಾಯಿಲೆ ಎಂದು ಮಂಗಳೂರಿನ ನರರೋಗ ತಜ್ಞರೊಬ್ಬರು ಖಚಿತಪಡಿಸುವ ಹೊತ್ತಿಗೆ ಹಗಲಿನ ನಿದ್ರೆ ನನ್ನ ಬೆನ್ನು ಹತ್ತಿ ಹತ್ತು ವರ್ಷಗಳ ಮೇಲಾಗಿತ್ತು. ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ತಲೆದೋರುವ ಈ ಕಾಯಿಲೆ ಪತ್ತೆಯಾಗಲು ಅನೇಕ ವರ್ಷಗಳು ಹಿಡಿಯುವುದು ಬೇರೆ ದೇಶಗಳಲ್ಲೂ ಸಾಮಾನ್ಯವೆಂದು ಆಮೇಲೆ ತಿಳಿಯಿತು. ಪರೀಕ್ಷೆಗಳು ನಡೆದ ಬಗೆಯನ್ನೂ ಅವುಗಳ ಹಿಂದಿರುವ ಮಿದುಳಿನ ವ್ಯವಹಾರವನ್ನೂ ಒಟ್ಟಿಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ: ಕಾಯಿಲೆಯ ಹೆಸರು ಸಿಕ್ಕಿದ್ದರಿಂದ ಆದ ಉಪಕಾರಕ್ಕಿಂತ, ತಲೆಯೊಳಗೆ ಏನು ಕೆಟ್ಟಿದೆ ಎಂಬುದು ಅರ್ಥವಾದದ್ದರಿಂದ ಆದ ಉಪಕಾರ ನನಗೆ ದೊಡ್ಡದು.

ಈ ನಿದ್ರೆ ಆಯಾಸದಂತೆ ಮೆಲ್ಲಗೆ ಏರಿ ಬರುವುದಿಲ್ಲ. ರಾತ್ರಿ ಎಂಟು ಗಂಟೆ ಮಲಗಿ ಎದ್ದ ದಿನವೂ ಬೆಳಗಿನ ಎರಡನೆಯ ಪಿರಿಯಡ್ ಮುಗಿಯುವಷ್ಟರಲ್ಲಿ ಕಣ್ಣೆಳೆಯತೊಡಗಿ, ಉತ್ತರಪತ್ರಿಕೆ ತಿದ್ದುತ್ತಿದ್ದ ಕೈ ತಾನಾಗಿ ಓಡುತ್ತಲೇ ಇದ್ದು, ಎಚ್ಚೆತ್ತು ನೋಡಿದರೆ ಅಂಕಗಳ ಜಾಗದಲ್ಲಿ ಅರ್ಥವಿಲ್ಲದ ಗೀಟುಗಳಿರುತ್ತಿದ್ದವು. ಬಿ.ಎಡ್. ಓದುತ್ತಿದ್ದಾಗ ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಾಪು ದಾಟುವ ಮೊದಲೇ ನಿದ್ರೆ ಹೋಗಿ, ಇಳಿಯಬೇಕಾದ ಜಾಗ ಕಳೆದು, ಸ್ಟೇಟ್ ಬ್ಯಾಂಕಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಎಬ್ಬಿಸುವುದು ಪದೇ ಪದೇ ಆಗುತ್ತಿತ್ತು. ವಿಚಿತ್ರವೆಂದರೆ ಕಾಲು ಗಂಟೆಯ ನಿದ್ರೆಯ ನಂತರ ತಲೆ ಪೂರ್ತಿ ತಿಳಿಯಾಗುತ್ತಿತ್ತು. ಒಂದೆರಡು ಗಂಟೆ ಕಳೆದರೆ ಮತ್ತೆ ಅದೇ ಕತೆ. ಇಷ್ಟೆಲ್ಲ ನಿದ್ರೆ ಬರುವವಳು ರಾತ್ರಿ ಗಾಢವಾಗಿ ಮಲಗುತ್ತಿರಬೇಕು ಎಂದು ಎಲ್ಲರೂ ಭಾವಿಸಿದ್ದರು. ನಿಜವಾಗಿ ರಾತ್ರಿಯ ನಿದ್ರೆ ತುಂಡು ತುಂಡಾಗಿರುತ್ತಿತ್ತು. ಕೆಲವು ರಾತ್ರಿ ಎಚ್ಚರವಾದರೂ ಕೈಕಾಲು ಅಲುಗುತ್ತಿರಲಿಲ್ಲ. ಬಾಗಿಲ ಬಳಿ ಯಾರೋ ನಿಂತಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಮ್ಮ ಅದಕ್ಕಾಗಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದರು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಣ್ಣುವುದರಿಂದ ಜೋಂಪು ಬರುತ್ತದೆ, ಯಕ್ಷಗಾನದ ಆಟ ನೋಡಲು ರಾತ್ರಿ ನಿದ್ರೆಗೆಡುವುದರಿಂದ ಬರುತ್ತದೆ, ಮೊಬೈಲಿನಿಂದ ಬರುತ್ತದೆ ಎಂದು ಹೇಳದವರಿಲ್ಲ. ಒಂದೊಂದನ್ನೂ ಬಿಟ್ಟು ನೋಡಿದ್ದಾಯಿತು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಎಲ್ಲವೂ ಸರಿಯಿದ್ದವು. ಕೊನೆಗೆ ಒಂದು ಕ್ಲಿನಿಕ್ಕಿನಲ್ಲಿ ಇದು ಖಿನ್ನತೆಯೇ ಇರಬೇಕೆಂದು ಅದರ ಮಾತ್ರೆಯನ್ನು ಬರೆದುಕೊಟ್ಟರು. ನಿದ್ರೆ ಕಡಿಮೆಯಾಗಲಿಲ್ಲ. ಆದರೆ ಬೇರೊಂದು ತೊಂದರೆ, ಯಾರ ಬಳಿಯೂ ಹೇಳಿಕೊಳ್ಳದೆ ಇದ್ದದ್ದು, ಆ ಮಾತ್ರೆಯಿಂದ ಬಹುಪಾಲು ನಿಂತುಹೋಯಿತು. ಅದರ ಅರ್ಥ ಏನೆಂಬುದು ಗೊತ್ತಾದದ್ದು ಮುಂದೆ.

ಮಂಗಳೂರಿನ ತಜ್ಞರು ನನ್ನ ನಿದ್ರೆಯ ವಿಚಾರವನ್ನೆಲ್ಲ ಕೇಳಿಸಿಕೊಂಡು, "ಜೋರಾಗಿ ನಗು ಬಂದಾಗ ಮೊಣಕಾಲು ಸೋತ ಹಾಗೆ ಆಗುವುದುಂಟಾ?" ಎಂದು ಕೇಳಿದರು. ಜೊತೆಗೆ ಬಂದಿದ್ದ ಅಕ್ಕ ನನಗಿಂತ ಮೊದಲೇ "ಉಂಟು ಡಾಕ್ಟ್ರೇ" ಎಂದಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಯಕ್ಷಗಾನದ ಹಾಸ್ಯಗಾರನ ಮಾತನ್ನು ಅನುಕರಿಸಿದರೆ ಮೊದಲು ನನ್ನ ದವಡೆ ಜೋಲುತ್ತಿತ್ತು, ಮಾತು ತೊದಲುತ್ತಿತ್ತು, ಕುತ್ತಿಗೆ ಮುಂದಕ್ಕೆ ಬೀಳುತ್ತಿತ್ತು. ನಿಂತಿದ್ದರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಎಲ್ಲವೂ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. ಆ ಹೊತ್ತಿನಲ್ಲಿ ಸುತ್ತಲಿನ ಒಂದೊಂದು ಮಾತೂ ಕೇಳಿಸುತ್ತಿತ್ತು, ಪ್ರಜ್ಞೆ ಒಂದಿಷ್ಟೂ ಮಸುಕಾಗುತ್ತಿರಲಿಲ್ಲ. ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಹಗಲಿನ ನಿದ್ರೆಗೆ ನೂರು ಕಾರಣಗಳಿರಬಹುದು, ನಗುವಿನಿಂದ ಸ್ನಾಯು ಸೋಲುವುದಕ್ಕೆ ಕಾರಣಗಳು ಬಹಳ ಕಡಿಮೆ ಎಂದು ವೈದ್ಯರು ಹೇಳಿದರು. ಅಷ್ಟು ವರ್ಷ ನೋಡಿದವರಲ್ಲಿ ಯಾರೂ ಆ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ ಎಂಬುದು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಎಪ್ವರ್ತ್ ಪ್ರಶ್ನಾವಳಿಯನ್ನು ಅಲ್ಲೇ ತುಂಬಿಸಿದರು. ಓದುತ್ತಾ ಕುಳಿತಾಗ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕುಳಿತಾಗ ತೂಕಡಿಕೆ ಎಷ್ಟು ಎಂಬಂಥ 8 ಸಂದರ್ಭಗಳಿಗೆ ಒಟ್ಟು 24 ಅಂಕ. 10ಕ್ಕಿಂತ ಮೇಲಾದರೆ ಹಗಲಿನ ನಿದ್ರೆ ಹೆಚ್ಚೆಂದು ಲೆಕ್ಕ. ನನ್ನದು ಅದರಿಂದ ಬಹಳ ಮೇಲಿತ್ತು. ಆದರೂ ಇದು ರೋಗಿಯ ಹೇಳಿಕೆ ಮಾತ್ರ, ಅಳತೆಯಲ್ಲ ಎಂದು ಹೇಳಿ ಅವರು ನಿದ್ರಾ ಪರೀಕ್ಷೆಗೆ ದಿನ ಗೊತ್ತುಮಾಡಿದರು. ಅದಕ್ಕೆ ಮೊದಲು ಎರಡು ವಾರ, ಮಲಗಿದ ಮತ್ತು ಎದ್ದ ಸಮಯವನ್ನು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಚಲನೆಯನ್ನು ದಾಖಲಿಸುವ ಒಂದು ಗಡಿಯಾರದಂಥ ಉಪಕರಣವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕಿತ್ತು. ನಿದ್ರೆ ಕೊರತೆಯಾದವರೂ ರಾತ್ರಿ ಪಾಳಿಯ ಕೆಲಸದವರೂ ಈ ಪರೀಕ್ಷೆಯಲ್ಲಿ ನಾರ್ಕೊಲೆಪ್ಸಿಯ ಹಾಗೆಯೇ ಕಾಣಿಸಬಹುದಾದ್ದರಿಂದ, ಆ ಸಾಧ್ಯತೆಯನ್ನು ಮೊದಲೇ ತಳ್ಳಿಹಾಕಬೇಕಾಗುತ್ತದೆ.

ಖಿನ್ನತೆಯ ಮಾತ್ರೆಯನ್ನೂ ಪರೀಕ್ಷೆಗೆ ಸಾಕಷ್ಟು ಮುಂಚೆ, ಅವರ ನಿಗಾದಲ್ಲಿ ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸಲಾಯಿತು. ಅಂಥ ಮಾತ್ರೆಗಳು ಕನಸಿನ ನಿದ್ರೆಯನ್ನು, ಅಂದರೆ ರೆಮ್ ಹಂತವನ್ನು ಅದುಮಿಡುತ್ತವೆ. ಅದು ದೇಹದಲ್ಲಿದ್ದರೆ ಪರೀಕ್ಷೆ ಏನನ್ನು ಹಿಡಿಯಬೇಕೋ ಅದೇ ಮರೆಯಾಗುತ್ತದೆ. ಮಾತ್ರೆ ನಿಂತ ಕೆಲವು ದಿನಗಳಲ್ಲಿ ಕ್ಯಾಟಪ್ಲೆಕ್ಸಿ ಮೊದಲಿಗಿಂತ ಜೋರಾಗಿ ಮರಳಿತು. ಅಕ್ಕನ ಮಗನ ತುಂಟತನಕ್ಕೆ ನಕ್ಕು ಅಡುಗೆಮನೆಯ ನೆಲಕ್ಕೆ ಕುಸಿದುಬಿಟ್ಟಿದ್ದೆ. ಹಾಗಾಗುವುದೆಂದು ಮುಂಚೆಯೇ ತಿಳಿಸಿದ್ದರಿಂದ ಮನೆಯವರು ಗಾಬರಿಯಾಗಲಿಲ್ಲ.

ಪರೀಕ್ಷೆಯ ಸಂಜೆ ತಲೆಗೆ ಎಣ್ಣೆ ಹಚ್ಚಿಕೊಳ್ಳದೆ, ಶಾಂಪೂ ಹಾಕಿ ಸ್ನಾನ ಮಾಡಿ ಬರಲು ಹೇಳಿದ್ದರು. ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ನೆತ್ತಿಯ ಹಲವೆಡೆ, ಕಣ್ಣುಗಳ ಪಕ್ಕ, ಗಲ್ಲದ ಕೆಳಗೆ, ಮೊಣಕಾಲ ಕೆಳಗಿನ ಸ್ನಾಯುಗಳ ಮೇಲೆ ಪೇಸ್ಟ್ ಹಚ್ಚಿ ತಂತಿಗಳನ್ನು ಅಂಟಿಸಿದರು. ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿನ ಬಳಿ ಸಣ್ಣ ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಇದರಲ್ಲಿ ಮಲಗುವುದು ಹೇಗೆಂದು ಅಕ್ಕ ಚಿಂತಿಸಿದಳು, ನಾನು ಕೆಲವೇ ನಿಮಿಷಗಳಲ್ಲಿ ನಿದ್ರೆ ಹೋಗಿದ್ದೆ. ಆ ರಾತ್ರಿಯ ದಾಖಲೆ ಎರಡು ಕೆಲಸ ಮಾಡಿತು. ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ನನಗಿಲ್ಲ ಎಂಬುದು ಸ್ಪಷ್ಟವಾಯಿತು. ಮರುದಿನದ ಪರೀಕ್ಷೆ ನಂಬಲರ್ಹವಾಗಲು ಹಿಂದಿನ ರಾತ್ರಿ ಕನಿಷ್ಠ 6 ಗಂಟೆ ನಿದ್ರೆಯಾಗಿರಬೇಕು ಎಂಬ ಷರತ್ತೂ ಪೂರೈಸಿತು.

ಮರುದಿನದ್ದು, ಹಗಲಿನಲ್ಲಿ ಎಷ್ಟು ಬೇಗ ನಿದ್ರೆ ಹತ್ತುತ್ತದೆಂದು ಅಳೆಯುವ ಪರೀಕ್ಷೆ, ಎಂಎಸ್‌ಎಲ್‌ಟಿ. ಎರಡೆರಡು ಗಂಟೆಗಳ ಅಂತರದಲ್ಲಿ ಐದು ಬಾರಿ ಕತ್ತಲೆ ಕೋಣೆಯಲ್ಲಿ ಮಲಗಿಸಿ, "ಟೀಚರ್, ಕಣ್ಣು ಮುಚ್ಚಿ ಸುಮ್ಮನೆ ಮಲಗಿ, ನಿದ್ರೆ ಬಂದರೆ ತಡೆಯಬೇಡಿ" ಎಂದು ಹೇಳಿ ಟೆಕ್ನಿಷಿಯನ್ ಹೊರಗೆ ಹೋಗುತ್ತಿದ್ದರು. 20 ನಿಮಿಷಗಳೊಳಗೆ ನಿದ್ರೆ ಬಾರದಿದ್ದರೆ ಆ ಸರದಿ ಅಲ್ಲಿಗೆ ಮುಗಿಯುತ್ತದೆ. ಬಂದರೆ ಅಲ್ಲಿಂದ 15 ನಿಮಿಷ ನೋಡಿ ಎಬ್ಬಿಸುತ್ತಾರೆ. ಕಷ್ಟವಾದದ್ದು ನಡುವಿನ ಸಮಯ. ಕಾಫಿ ಕುಡಿಯುವಂತಿಲ್ಲ, ಮಲಗುವಂತಿಲ್ಲ. ನನ್ನನ್ನು ಎಚ್ಚರದಲ್ಲಿಡಲು ಅಕ್ಕ ಕಾರಿಡಾರಿನಲ್ಲಿ ನನ್ನ ಜೊತೆ ಹೆಜ್ಜೆ ಹಾಕುತ್ತಿದ್ದಳು. ಒಂದು ಸರದಿಯಲ್ಲಿ ಅಕ್ಕ ಹಾಸಿಗೆಯ ಕಾಲದೆಸೆಯಲ್ಲಿ ನಿಂತು ಏನೋ ಹೇಳುತ್ತಿದ್ದುದನ್ನು ನಾನು ನೋಡಿದೆ. ಎಬ್ಬಿಸಿದಾಗ, ನಾನು ನಿದ್ರೆ ಮಾಡಲೇ ಇಲ್ಲವೆಂದು ಹೇಳಿದೆ. ಅಕ್ಕ ಕೋಣೆಗೆ ಬಂದೇ ಇರಲಿಲ್ಲ, ಮತ್ತು ಪರದೆಯ ಮೇಲಿನ ಗೆರೆಗಳ ಪ್ರಕಾರ ನಾನು ಆಗ ಕನಸಿನ ನಿದ್ರೆಯಲ್ಲಿದ್ದೆ. ರಾತ್ರಿ ಬಾಗಿಲ ಬಳಿ ಕಾಣುತ್ತಿದ್ದವರು ಯಾರು ಎಂಬ ಪ್ರಶ್ನೆಗೂ ನನಗೆ ಅಲ್ಲಿಯೇ ಉತ್ತರ ಸಿಕ್ಕಿತು.

ಆರೋಗ್ಯವಂತರಲ್ಲಿ ರೆಮ್ ನಿದ್ರೆ ಮೊದಲ ಬಾರಿ ಬರುವುದು ನಿದ್ರೆ ಹತ್ತಿ ಸುಮಾರು 90 ನಿಮಿಷಗಳ ನಂತರ. ನಾರ್ಕೊಲೆಪ್ಸಿಯೆನ್ನಲು ಐದು ಸರದಿಗಳಲ್ಲಿ ಮಲಗಿದಾಗಿನಿಂದ ನಿದ್ರೆ ಹತ್ತುವವರೆಗಿನ ಸರಾಸರಿ ಸಮಯ 8 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಜೊತೆಗೆ ಕನಿಷ್ಠ ಎರಡು ಬಾರಿ ರೆಮ್ 15 ನಿಮಿಷಗಳೊಳಗೆ ಕಾಣಿಸಿಕೊಂಡಿರಬೇಕು. ಹಿಂದಿನ ರಾತ್ರಿ ಹಾಗೆ ಬೇಗ ಬಂದಿದ್ದರೆ ಅದನ್ನೂ ಒಂದೆಂದು ಎಣಿಸುತ್ತಾರೆ. ನನ್ನ ಸರಾಸರಿ ಮೂರು ನಿಮಿಷಕ್ಕೂ ಕಡಿಮೆಯಿತ್ತು, ರೆಮ್ ಬಹುಪಾಲು ಸರದಿಗಳಲ್ಲಿ ಬಂದಿತ್ತು.

ವರದಿ ಕೈಯಲ್ಲಿ ಹಿಡಿದು ನಾನು ಕೇಳಿದ್ದು ಒಂದೇ: ನನಗೆ ನಿದ್ರೆ ಇಷ್ಟು ಹೆಚ್ಚಾಗಲು ಕಾರಣವೇನು? ನಿದ್ರೆ ಹೆಚ್ಚಾಗಿಲ್ಲ ಎಂದು ಅವರು ಉತ್ತರಿಸಿದರು. 24 ಗಂಟೆಗಳ ನಿದ್ರೆಯನ್ನು ಒಟ್ಟು ಕೂಡಿಸಿದರೆ ನಾರ್ಕೊಲೆಪ್ಸಿ ಇರುವವರ ನಿದ್ರೆ ಉಳಿದವರ ನಿದ್ರೆಗಿಂತ ಬಹಳ ಬೇರೆಯಾಗಿರುವುದಿಲ್ಲ. ಕೆಟ್ಟಿರುವುದು ಎಚ್ಚರದ ಸ್ಥಿರತೆ. ನನ್ನ ಮಟ್ಟಿಗೆ ಇಡೀ ಕಾಯಿಲೆಯ ಕೀಲಿ ಈ ಮಾತಿನಲ್ಲಿದೆ, ಆದ್ದರಿಂದ ಅದನ್ನು ಅವರು ವಿವರಿಸಿದಷ್ಟೂ, ಮುಂದೆ ನಾನು ಓದಿ ತಿಳಿದಷ್ಟೂ ಬರೆಯುತ್ತೇನೆ.

ತಮ್ಮತಮ್ಮ ಸಂದೇಶ ರಾಸಾಯನಿಕಗಳನ್ನು ಸೂಸಿ ಎಚ್ಚರವನ್ನು ಉಂಟುಮಾಡುವ ನರಕೋಶಗಳ ಗುಂಪುಗಳು ಮಿದುಳುಕಾಂಡದಲ್ಲೂ ಅದರ ಮೇಲಿರುವ ಹೈಪೊಥಲಮಸ್‌ನಲ್ಲೂ ಹರಡಿಕೊಂಡಿವೆ. ಲೋಕಸ್ ಸೆರೂಲಿಯಸ್ ಎಂಬ ಗುಂಪು ನಾರ್‌ಅಡ್ರಿನಲಿನ್ ಸೂಸುತ್ತದೆ, ರಾಫೆ ಗುಂಪುಗಳು ಸೆರೊಟೋನಿನ್, ಹೈಪೊಥಲಮಸ್‌ನ ಹಿಂಭಾಗದ ಒಂದು ಗುಂಪು ಹಿಸ್ಟಮೀನ್; ಇವಲ್ಲದೆ ಡೋಪಮೀನ್ ಮತ್ತು ಅಸಿಟೈಲ್‌ಕೋಲೀನ್ ಸೂಸುವವೂ ಇವೆ. ಶೀತಕ್ಕೆ ನುಂಗುವ ಹಳೆಯ ಬಗೆಯ ಆ್ಯಂಟಿಹಿಸ್ಟಮೀನ್ ಮಾತ್ರೆ ತೂಕಡಿಕೆ ತರುವುದು, ಅದು ಮಿದುಳಿನಲ್ಲೂ ಹಿಸ್ಟಮೀನಿನ ಕೆಲಸವನ್ನು ತಡೆಯುವುದರಿಂದ. ಇವಕ್ಕೆ ಎದುರಾಗಿ ಹೈಪೊಥಲಮಸ್‌ನ ಮುಂಭಾಗದಲ್ಲಿ ನಿದ್ರೆ ತರಿಸುವ ಕೋಶಗಳಿವೆ; ಅವು ಗಾಬಾ ಎಂಬ ರಾಸಾಯನಿಕದಿಂದ ಎಚ್ಚರದ ಗುಂಪುಗಳನ್ನು ಸುಮ್ಮನಾಗಿಸುತ್ತವೆ. ಎಚ್ಚರದ ಗುಂಪುಗಳೂ ಅವನ್ನು ಹಾಗೆಯೇ ಅದುಮುತ್ತವೆ. ಈ ಪರಸ್ಪರ ಅದುಮುವಿಕೆಯಿಂದಾಗಿ ಒಂದು ಪಕ್ಷ ತುಸು ಮೇಲಾದರೆ ಸಾಕು, ಇನ್ನೊಂದು ಪೂರ್ತಿ ಕೆಳಗಾಗುತ್ತದೆ. ಅಮೆರಿಕದ ನರವಿಜ್ಞಾನಿ ಕ್ಲಿಫರ್ಡ್ ಸೇಪರ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಸ್ವಿಚ್ಚಿಗೆ ಹೋಲಿಸಿದರು: ಸ್ವಿಚ್ಚು ಅರ್ಧದಲ್ಲಿ ನಿಲ್ಲುವುದಿಲ್ಲ, ಈ ಕಡೆಗೆ ಅಥವಾ ಆ ಕಡೆಗೆ ಬೀಳುತ್ತದೆ. ನಾವು ಹೆಚ್ಚು ಹೊತ್ತು ಅರೆನಿದ್ರೆಯಲ್ಲಿ ಅಲೆಯದೆ, ಎಚ್ಚರದಿಂದ ನಿದ್ರೆಗೆ ಬೇಗ ದಾಟುವುದು ಇದರಿಂದಲೇ.

ಹಾಗೆ ಸುಲಭವಾಗಿ ಹೊರಳಬಲ್ಲ ಸ್ವಿಚ್ಚು ಹಗಲಿಡೀ ಒಂದೇ ಕಡೆ ನಿಲ್ಲಬೇಕಾದರೆ ಅದನ್ನು ಯಾರಾದರೂ ಒತ್ತಿ ಹಿಡಿದಿರಬೇಕು. ಆ ಕೆಲಸ ಒರೆಕ್ಸಿನ್ ಎಂಬ ರಾಸಾಯನಿಕವನ್ನು ಸೂಸುವ ಕೋಶಗಳದ್ದು. ಹೈಪೊಥಲಮಸ್‌ನ ಪಕ್ಕದ ಭಾಗದಲ್ಲಿರುವ ಇವುಗಳ ಸಂಖ್ಯೆ ಸುಮಾರು 70,000. ಸುಮಾರು 8,600 ಕೋಟಿ ನರಕೋಶಗಳಿರುವ ಮಿದುಳಿನಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು. ಆದರೆ ಇವುಗಳ ಎಳೆಗಳು ಮೇಲೆ ಹೇಳಿದ ಎಲ್ಲ ಎಚ್ಚರದ ಗುಂಪುಗಳಿಗೂ ತಲುಪಿ, ಅವನ್ನು ಹಗಲಿಡೀ ಉತ್ತೇಜಿಸುತ್ತಿರುತ್ತವೆ. 2000ದಲ್ಲಿ ಎರಡು ತಂಡಗಳು, ತೀರಿಹೋದ ನಾರ್ಕೊಲೆಪ್ಸಿ ರೋಗಿಗಳ ಮಿದುಳುಗಳನ್ನು ಪರೀಕ್ಷಿಸಿ ನೋಡಿದಾಗ ಈ ಕೋಶಗಳು ಹೆಚ್ಚುಕಡಿಮೆ ಇಲ್ಲವಾಗಿದ್ದವು. ಒಂದು ತಂಡದ ಎಣಿಕೆಯಲ್ಲಿ ಶೇಕಡಾ 85ರಿಂದ 95ರಷ್ಟು ನಷ್ಟ. ಅವುಗಳ ನಡುವೆಯೇ ಬೆರೆತಿದ್ದ ಬೇರೆ ಬಗೆಯ ಕೋಶಗಳು ಮಾತ್ರ ಕ್ಷೇಮವಾಗಿದ್ದವು.

ನನ್ನ ಹಗಲೂ ರಾತ್ರಿಯೂ ಒಂದೇ ಕಾರಣಕ್ಕೆ ಕೆಟ್ಟಿವೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ಒತ್ತಿ ಹಿಡಿಯುವ ಬಲ ಇಲ್ಲವಾದಾಗ ಸ್ವಿಚ್ಚು ಎರಡೂ ಕಡೆಗೆ ಸಡಿಲವಾಗುತ್ತದೆ. ಹಗಲಿನಲ್ಲಿ ಎಚ್ಚರ ನಿದ್ರೆಗೆ ಜಾರುತ್ತದೆ. ರಾತ್ರಿಯ ನಿದ್ರೆ ಎಚ್ಚರಕ್ಕೆ ಜಾರುತ್ತದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡಿನೊಸಿನ್ ಶೇಖರವಾಗಿ ನಿದ್ರೆಯ ಒತ್ತಡ ಏರುತ್ತದೆ, ಕಾಫಿ ಆ ಅಡಿನೊಸಿನ್ ಕೂರುವ ಜಾಗವನ್ನು ತಡೆಹಿಡಿಯುತ್ತದೆ. ನನ್ನಲ್ಲಿ ಆ ವ್ಯವಸ್ಥೆ ಸರಿಯಾಗಿಯೇ ಇದೆ. ಲೋಟಗಟ್ಟಲೆ ಕಾಫಿ ಕುಡಿದರೂ ಪ್ರಯೋಜನವಾಗದೆ ಹೋದದ್ದು, ಕೆಟ್ಟ ಜಾಗವೇ ಬೇರೆಯಾದ್ದರಿಂದ.

ಒರೆಕ್ಸಿನ್ ಇನ್ನೊಂದು ಗಡಿಯನ್ನೂ ಕಾಯುತ್ತದೆ. ರೆಮ್ ನಿದ್ರೆಯಲ್ಲಿ ಕನಸನ್ನು ಮೈ ಅಭಿನಯಿಸದಿರಲೆಂದು ಮಿದುಳುಕಾಂಡ ಬೆನ್ನುಹುರಿಯ ಚಲನಕೋಶಗಳನ್ನು ತಡೆಹಿಡಿಯುತ್ತದೆ. ಒರೆಕ್ಸಿನ್ ಇಲ್ಲದಿದ್ದರೆ ರೆಮ್‌ನ ತುಣುಕುಗಳು ಎಚ್ಚರದೊಳಕ್ಕೆ ನುಸುಳುತ್ತವೆ. ಕನಸಿನ ಚಿತ್ರ ನುಸುಳಿದರೆ ಇಲ್ಲದ ಅಕ್ಕ ಕಾಣುತ್ತಾಳೆ. ಸ್ನಾಯುಗಳ ತಡೆ ನುಸುಳಿದರೆ ಮೈ ಅಲುಗುವುದಿಲ್ಲ. ನಗು, ಅಚ್ಚರಿಯಂಥ ಭಾವಗಳು, ಅವನ್ನು ನಿರ್ವಹಿಸುವ ಮಿದುಳಿನ ಭಾಗವಾದ ಅಮಿಗ್ಡಲದ ಮೂಲಕ ಅದೇ ತಡೆಯ ಜಾಲವನ್ನು ತಟ್ಟುತ್ತವೆ, ಎಲ್ಲರಲ್ಲೂ. ಉಳಿದವರಲ್ಲಿ ಒರೆಕ್ಸಿನ್ ಅದನ್ನು ಸರಿದೂಗಿಸುತ್ತದೆ, ನನ್ನಲ್ಲಿ ಸರಿದೂಗಿಸುವವರಿಲ್ಲ. ನಾರ್ಕೊಲೆಪ್ಸಿ ಇರುವ ನಾಯಿಗಳಲ್ಲಿ ನಡೆಸಿದ ದಾಖಲಾತಿಯಲ್ಲಿ, ಕ್ಯಾಟಪ್ಲೆಕ್ಸಿಯ ಹೊತ್ತಿನಲ್ಲಿ ಲೋಕಸ್ ಸೆರೂಲಿಯಸ್ ಕೋಶಗಳು ಮೌನವಾದರೂ ಹಿಸ್ಟಮೀನ್ ಕೋಶಗಳು ಕೆಲಸ ಮಾಡುತ್ತಲೇ ಇದ್ದುದು ಕಂಡುಬಂದಿದೆ. ಸ್ನಾಯು ಸೋತರೂ ಪ್ರಜ್ಞೆ ಉಳಿಯುವುದಕ್ಕೆ ಇದು ತಕ್ಕ ವಿವರಣೆ. ನೆಲಕ್ಕೆ ಕುಸಿದು ಎಲ್ಲರ ಮಾತು ಕೇಳಿಸಿಕೊಳ್ಳುತ್ತಾ ಬಿದ್ದಿದ್ದವಳಿಗೆ ಈ ಒಂದು ವಿವರ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ. ಖಿನ್ನತೆಯ ಮಾತ್ರೆ ಕುಸಿತವನ್ನು ನಿಲ್ಲಿಸಿ ನಿದ್ರೆಯನ್ನು ನಿಲ್ಲಿಸದೆ ಹೋದದ್ದೂ ಇದಕ್ಕೆ ಹೊಂದಿಕೊಳ್ಳುತ್ತದೆ: ಅದು ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಹೆಚ್ಚಿಸಿ ರೆಮ್ ಅನ್ನು ಹಿಂದಕ್ಕೆ ತಳ್ಳುತ್ತಿತ್ತು, ಎಚ್ಚರಕ್ಕೆ ಬೇಕಾದ ಆಸರೆಯನ್ನು ಕೊಡುತ್ತಿರಲಿಲ್ಲ.

ಇಷ್ಟನ್ನು ತಿಳಿಯಲು ವಿಜ್ಞಾನಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಫ್ರಾನ್ಸಿನ ವೈದ್ಯ ಗೆಲಿನೊ ಈ ಕಾಯಿಲೆಗೆ ಹೆಸರಿಟ್ಟದ್ದು 1880ರಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಹರಡಿದ ನಿದ್ರಾ ಜ್ವರದಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿದ ವಿಯೆನ್ನಾದ ಫಾನ್ ಎಕೊನೊಮೊ, ಹೈಪೊಥಲಮಸ್‌ನ ಹಿಂಭಾಗ ಹಾಳಾದವರು ನಿದ್ರೆಯಲ್ಲಿ ಮುಳುಗಿದ್ದರು, ಮುಂಭಾಗ ಹಾಳಾದವರು ನಿದ್ರೆಯಿಲ್ಲದೆ ಒದ್ದಾಡಿದ್ದರು ಎಂದು ಕಂಡುಕೊಂಡರು. ಒರೆಕ್ಸಿನ್ ಪತ್ತೆಯಾದದ್ದು 1998ರಲ್ಲಿ, ಎರಡು ತಂಡಗಳಿಂದ ಬೇರೆಬೇರೆಯಾಗಿ. ಅವುಗಳಲ್ಲಿ ಒಂದು ತಂಡ ಅದನ್ನು ಹೈಪೊಕ್ರೆಟಿನ್ ಎಂದು ಕರೆಯಿತು. ಮರುವರ್ಷವೇ ಸ್ಟ್ಯಾನ್‌ಫರ್ಡ್‌ನ ಎಮಾನ್ಯುಯೆಲ್ ಮಿನ್ಯೋ ತಂಡ ಡಾಬರ್ಮನ್ ನಾಯಿಗಳ ನಾರ್ಕೊಲೆಪ್ಸಿಗೆ ಒರೆಕ್ಸಿನ್ನನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನಿನಲ್ಲಿರುವ ದೋಷವೇ ಕಾರಣವೆಂದು ತೋರಿಸಿತು. ಮಸಾಶಿ ಯಾನಗಿಸಾವಾ ತಂಡ, ಒರೆಕ್ಸಿನ್ ಇಲ್ಲದ ಇಲಿಗಳಲ್ಲಿ ಇದೇ ಲಕ್ಷಣಗಳನ್ನು ಕಂಡಿತು. ಇವರಿಬ್ಬರಿಗೆ 2023ರ ಬ್ರೇಕ್‌ಥ್ರೂ ಪ್ರಶಸ್ತಿ ಬಂದಿದೆ. ನಾಯಿಯಲ್ಲಿ ಜೀನಿನ ದೋಷ, ಮನುಷ್ಯರಲ್ಲಿ ಕೋಶಗಳ ನಾಶ. ದಾರಿ ಬೇರೆ, ತಲುಪುವ ಜಾಗ ಒಂದೇ.

ಕೋಶಗಳು ನಾಶವಾಗುವುದೇಕೆ ಎಂದರೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ಅವನ್ನು ಕೊಲ್ಲುತ್ತದೆ ಎಂಬುದರತ್ತ ಸಾಕ್ಷ್ಯಗಳು ಬೊಟ್ಟುಮಾಡುತ್ತವೆ. ಕ್ಯಾಟಪ್ಲೆಕ್ಸಿ ಇರುವ ರೋಗಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಯಲ್ಲಿ, ಆ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದೇ ಬಗೆಯ ಎಚ್‌ಎಲ್‌ಎ ಜೀನು ಇರುತ್ತದೆ. 2009ರ ಎಚ್1ಎನ್1 ಜ್ವರದ ನಂತರ ಚೀನಾದಲ್ಲೂ, ಅದಕ್ಕೆ ಕೊಟ್ಟ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆಯ ನಂತರ ಫಿನ್‌ಲ್ಯಾಂಡ್ ಮತ್ತು ಸ್ವೀಡನ್‌ಗಳಲ್ಲೂ ಹೊಸ ರೋಗಿಗಳು ಹೆಚ್ಚಾದರು. ಹಾಗೆಂದು ಜೀನಿನ ಪರೀಕ್ಷೆಯೊಂದರಿಂದ ರೋಗ ತೀರ್ಮಾನವಾಗುವುದಿಲ್ಲ, ಏಕೆಂದರೆ ಅದೇ ಜೀನಿರುವ ಬಹುಸಂಖ್ಯಾತರಿಗೆ ಏನೂ ಆಗುವುದಿಲ್ಲ. ಬೆನ್ನುಹುರಿಯ ದ್ರವದಲ್ಲಿ ಒರೆಕ್ಸಿನ್ ಪ್ರಮಾಣ ಮಿಲಿಲೀಟರಿಗೆ 110 ಪಿಕೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ನೇರ ಸಾಕ್ಷ್ಯ. ನನ್ನಲ್ಲಿ ಕ್ಯಾಟಪ್ಲೆಕ್ಸಿಯೂ ಎಂಎಸ್‌ಎಲ್‌ಟಿಯೂ ಸ್ಪಷ್ಟವಾಗಿದ್ದುದರಿಂದ ಬೆನ್ನಿಗೆ ಸೂಜಿ ಚುಚ್ಚುವ ಅಗತ್ಯವಿಲ್ಲವೆಂದು ವೈದ್ಯರು ಬಿಟ್ಟರು.

ಈಗ ಬೆಳಿಗ್ಗೆ ಮೊಡಾಫಿನಿಲ್, ಕ್ಯಾಟಪ್ಲೆಕ್ಸಿಗೆ ವೆನ್ಲಾಫಾಕ್ಸಿನ್. ಮೊಡಾಫಿನಿಲ್ ಮುಖ್ಯವಾಗಿ ಡೋಪಮೀನಿನ ಮರುಹೀರಿಕೆಯನ್ನು ತಡೆದು ಎಚ್ಚರಕ್ಕೆ ಬಲ ಕೊಡುತ್ತದೆ. ಅದು ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಕುಗ್ಗಿಸಬಹುದೆಂಬುದನ್ನು ಹೆಣ್ಣುಮಕ್ಕಳಿಗೆ ತಪ್ಪದೆ ಹೇಳಬೇಕು. ವೆನ್ಲಾಫಾಕ್ಸಿನ್ ಥಟ್ಟನೆ ನಿಲ್ಲಿಸುವಂತಿಲ್ಲ, ಅಂಥ ಮಾತ್ರೆಯನ್ನು ಮೆಲ್ಲಗೆ ನಿಲ್ಲಿಸಿದಾಗಲೇ ಏನಾಗುತ್ತದೆಂದು ನಾನು ಒಮ್ಮೆ ನೋಡಿದ್ದೇನೆ. ಎರಡೂ ಒರೆಕ್ಸಿನ್ನಿನ ಜಾಗ ತುಂಬುವುದಿಲ್ಲ, ಅದರ ಕೆಳಗಿನ ಕೊಂಡಿಗಳನ್ನು ಮಾತ್ರ ಬಲಪಡಿಸುತ್ತವೆ. ಒರೆಕ್ಸಿನ್ನಿನ ಎರಡನೆಯ ಗ್ರಾಹಕವನ್ನೇ ಉತ್ತೇಜಿಸುವ ಔಷಧಿಗಳು ರೋಗಿಗಳ ಮೇಲಿನ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕೊಟ್ಟಿವೆ. ನನ್ನ ಆಸೆ ಅವುಗಳ ಮೇಲಿದೆ. ವೈದ್ಯರ ಪತ್ರವನ್ನು ಓದಿದ ಮುಖ್ಯೋಪಾಧ್ಯಾಯರು ಊಟದ ಬಿಡುವಿನಲ್ಲಿ ಲೈಬ್ರರಿಯ ಒಳಕೋಣೆಯಲ್ಲಿ ಕಾಲು ಗಂಟೆ ಮಲಗಲು ಅವಕಾಶ ಮಾಡಿಕೊಟ್ಟಿದ್ದಾರೆ. ಮಧ್ಯಾಹ್ನದ ಮೊದಲ ಪಿರಿಯಡ್ಡಿನಲ್ಲಿ ಬೀಜಗಣಿತವನ್ನು ತಪ್ಪಿಲ್ಲದೆ ಕಲಿಸಲು ಆ ಕಾಲು ಗಂಟೆ ಮಾತ್ರೆಯಷ್ಟೇ ಮುಖ್ಯ. ಸ್ಕೂಟರ್ ಸದ್ಯಕ್ಕೆ ಅಕ್ಕನ ಮನೆಯಲ್ಲಿದೆ, ಶಾಲೆಗೆ ಬಸ್ಸಿನಲ್ಲಿ ಹೋಗುತ್ತೇನೆ.

ಅಕ್ಕನಿಗೆ ಮಗನ ಚಿಂತೆ ಹತ್ತಿಕೊಂಡಿತು. ಕಳೆದ ಭೇಟಿಯಲ್ಲಿ ಅವನಿಗೂ ಜೀನಿನ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದಳು. ರೋಗಿಯ ತಂದೆತಾಯಿ, ಮಕ್ಕಳು, ಒಡಹುಟ್ಟಿದವರಲ್ಲಿ ಸಹ ಈ ಕಾಯಿಲೆ ಬರುವುದು ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ, ಅವನು ಅದಕ್ಕಿಂತ ದೂರದ ಸಂಬಂಧಿ, ಆದ್ದರಿಂದ ಪರೀಕ್ಷೆಯ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದರು. ಮುಂದೆ ಯಾವಾಗಲಾದರೂ ಅವನು ಸಾಕಷ್ಟು ಮಲಗಿಯೂ ತರಗತಿಯಲ್ಲಿ ದಿನಾ ತೂಕಡಿಸಿದರೆ, ಅಥವಾ ನಗುವಾಗ ಅವನ ಮುಖ ಜೋತುಬಿದ್ದರೆ, ವರ್ಷಗಟ್ಟಲೆ ಕಾಯದೆ ಕರೆತರಬೇಕೆಂದು ಸೇರಿಸಿದರು.